ಮೂವತ್ನಾಲ್ಕು ಇಂಚಿನ ಕಾಟ್ಲಾ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಚಿತ್ತಾಪುರ ತಾಲೂಕಿನಲ್ಲಿ ಸರ್ವೆಯರನಾಗಿದ್ದೆ. ವಾರದ ಆರು ದಿನ ಜನರ ಹೊಲ ಅಳೆಯುವುದು, ಭಾನುವಾರ ಗಾಳ ಹಾಕಿ ಕೂರುವುದು. ಮೀನಿನ ಹುಚ್ಚು ಹತ್ತಿದ್ದು ಸೇಡಂನಲ್ಲಿ. ಅದು ಹೆಂಡತಿಯ ತವರು. ಮದುವೆಯಾದ ಹೊಸತರಲ್ಲಿ ಮಾವನ ಎದುರು ಕೂತು ಮಾತಾಡುವ ಸಂಕಟ ತಪ್ಪಿಸಿಕೊಳ್ಳಲು ಕಾಗಿಣಾ ನದಿಯ ದಂಡೆಗೆ ಹೋಗಿಬಿಡುತ್ತಿದ್ದೆ. ಕೈಯಲ್ಲೊಂದು ಬಿದಿರು ಕೋಲು ಇದ್ದರೆ ಅಳಿಯ ಸುಮ್ಮನೆ ಕೂತಿದ್ದಾನೆ ಎಂದು ಯಾರೂ ಅನ್ನುವುದಿಲ್ಲ. ಸಿಗುತ್ತಿದ್ದದ್ದು ಬೆರಳುದ್ದದ ಮೀನುಗಳೇ. ಆದರೂ ನೀರಿನೊಳಗಿನಿಂದ ದಾರ ಒಮ್ಮೆ ಬಿಗಿಯಾಗಿ ಎಳೆದದ್ದನ್ನು ಕಂಡ ಕೈ ಮತ್ತೆ ಸುಮ್ಮನಿರಲಿಲ್ಲ.

ಚಿತ್ತಾಪುರಕ್ಕೆ ಬಂದ ಮೇಲೆ ಭಾನುವಾರದ ಬೆಳಗಿನ ಪ್ಯಾಸೆಂಜರ್ ಹತ್ತಿ ವಾಡಿಗೆ ಹೋಗತೊಡಗಿದೆ. ವಾಡಿ ಮತ್ತು ಶಹಾಬಾದಿನ ನಡುವೆ, ಹಳಿಯಿಂದ ಅರ್ಧ ಮೈಲಿ ಒಳಗೆ, ಕೆಲಸ ನಿಂತುಹೋದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯೊಂದಿತ್ತು. ಕಲ್ಲು ಎತ್ತಿ ಎತ್ತಿ ಆಳವಾದ ಗುಂಡಿಯಲ್ಲಿ ಹಸಿರು ನೀರು ನಿಂತಿತ್ತು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಆ ನೀರಿಗೆ ಕಾಟ್ಲಾ ಮೀನಿನ ಮರಿ ಬಿಟ್ಟವರು ವಾಡಿಯ ಒಬ್ಬ ರೈಲ್ವೆ ಗಾರ್ಡ್. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಮಣ್ಣಿನ ಗಡಿಗೆ ಇಟ್ಟುಕೊಂಡು, ಗಾಡಿ ನಿಂತಲ್ಲೆಲ್ಲ ನೀರು ಬದಲಿಸುತ್ತ ಮರಿಗಳನ್ನು ತಂದಿದ್ದರಂತೆ. ಸೊಲ್ಲಾಪುರದ ಕಡೆಯವರು. ಹೆಂಡತಿ ತೀರಿಹೋಗಿದ್ದರು, ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಆ ಗುಂಡಿಯನ್ನು ತಮ್ಮ ಮನೆಯ ಹಿತ್ತಲು ಎಂಬಂತೆ ನೋಡಿಕೊಳ್ಳುತ್ತಿದ್ದರು.

ಅಲ್ಲಿಗೆ ಬರುತ್ತಿದ್ದ ಮೂರನೆಯವನು ಶಹಾಬಾದಿನಲ್ಲಿ ಫರಸಿ ಕೊರೆಯುವ ಕಲ್ಲುಕುಟಿಗ. ನನಗಿಂತ ಎರಡು ಮೂರು ವರ್ಷ ದೊಡ್ಡವನು, ಮಾತು ಕಡಿಮೆ. ಸೈಕಲ್ಲಿನ ಹಿಂದೆ ಗಾಳದ ಕೋಲು ಕಟ್ಟಿಕೊಂಡು ಬರುತ್ತಿದ್ದ. ಅವನಿಗೂ ನನಗೂ ಮೊದಲ ಪರಿಚಯ ಮೀನಿನಿಂದಲ್ಲ, ಹೊಲದಿಂದ. ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಅವನಿಗೂ ಅವನ ತಮ್ಮನಿಗೂ ಸೇರಿ ಎರಡು ಎಕರೆ ಇತ್ತು. ಪಕ್ಕದ ಹೊಲದ ದೊಡ್ಡ ರೈತ ವರ್ಷ ವರ್ಷವೂ ಒಂದೊಂದು ಸಾಲು ಒತ್ತಿ ಒತ್ತಿ ಬದುವನ್ನೇ ಈಚೆಗೆ ಸರಿಸಿದ್ದ. ನಾನು ಹೋಗಿ ಅಳೆದೆ. ಒತ್ತಿದ ನೆಲ ಇವರಿಗೆ ಮರಳಿ ಬಂತು. ಅಂದಿನಿಂದ ಅವನು ನನ್ನನ್ನು ‘ಸಾಹೇಬ್ರ’ ಎಂದೇ ಕರೆಯುತ್ತಿದ್ದ. ಬೇಡ ಎಂದರೂ ಬಿಡಲಿಲ್ಲ.

ಗಾರ್ಡ್ ಸಾಹೇಬರದ್ದೊಂದು ನಿಯಮವಿತ್ತು. ಒಬ್ಬೊಬ್ಬರು ವರ್ಷಕ್ಕೆ ಒಂದೇ ದೊಡ್ಡ ಮೀನು ಮನೆಗೆ ಒಯ್ಯಬೇಕು. ಉಳಿದದ್ದನ್ನೆಲ್ಲ ಅಳೆದು, ಬರೆದು, ನೀರಿಗೆ ಬಿಡಬೇಕು. ಬರೆಯಲು ಗಟ್ಟಿ ರಟ್ಟಿನ ಒಂದು ಪುಸ್ತಕ ಇಟ್ಟಿದ್ದರು. ದಿನ, ಗಾಳಿ ಯಾವ ಕಡೆ, ಮೀನಿನ ಉದ್ದ, ಹಿಡಿದವರು ಯಾರು, ಎಲ್ಲವೂ ಅದರಲ್ಲಿ.

ಹೋಳಿ ಆಗಿ ಎರಡು ವಾರ ಕಳೆದ ಒಂದು ಭಾನುವಾರ ನನ್ನ ಗಾಳಕ್ಕೆ ದೊಡ್ಡದೊಂದು ಬಿತ್ತು. ಮುಕ್ಕಾಲು ತಾಸು ಎಳೆದಾಡಿಸಿತು. ಕಲ್ಲುಕುಟಿಗ ಸೊಂಟದವರೆಗೆ ನೀರಿಗಿಳಿದು ಅದನ್ನು ತೋಳಿನಲ್ಲಿ ಅಪ್ಪಿ ಮೇಲೆ ತಂದ. ಅಂಥ ಕಾಟ್ಲಾವನ್ನು ನಾವು ಯಾರೂ ನೋಡಿರಲಿಲ್ಲ. ತುಂಬಿದ ಚೀಲದಂಥ ಹೊಟ್ಟೆ, ರೂಪಾಯಿ ಅಗಲದ ಹುರುಪೆ, ತೆರೆದೇ ಇದ್ದ ದೊಡ್ಡ ಬಾಯಿ.

"ಅಳಿ, ಅಳಿ! ಭಾಳ ಉದ್ದ ಅದ ಇದು," ಎಂದರು ಗಾರ್ಡ್ ಸಾಹೇಬರು, ಪುಸ್ತಕ ತೆರೆದು ಹಿಡಿದು.

ಜೇಬಿನಲ್ಲಿ ಹೆಂಡತಿಯ ಹೊಲಿಗೆಯ ಟೇಪು ಇತ್ತು. ಮೀನನ್ನು ಹುಲ್ಲಿನ ಮೇಲೆ ಮಲಗಿಸಿ, ಟೇಪಿನ ತುದಿಯನ್ನು ತೆರೆದ ಬಾಯಿಯ ಮೇಲಿಟ್ಟು, ಉಬ್ಬಿದ ಮೈಮೇಲೆ ಹಾಸಿ, ಬಾಲದ ತುದಿಯವರೆಗೆ ಎಳೆದೆ. ಮೂವತ್ನಾಲ್ಕು ಇಂಚು. ಗಟ್ಟಿಯಾಗಿ ಕೂಗಿದೆ. ಗಾರ್ಡ್ ಸಾಹೇಬರು ಅಂಕಿ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಮುಂದಿನದಕ್ಕೆ ಹೀಗೆ ಹೇಳಲಾಗುವುದಿಲ್ಲ.

ಮನೆಗೆ ತಂದಾಗ ಹೆಂಡತಿ ಮೀನನ್ನು ಕುಯ್ಯಲು ಬಿಡಲಿಲ್ಲ. ಅವಳು ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು, ಅಳತೆಗೆ ಕತ್ತರಿಸುವ ಕಂದು ಕಾಗದ ಮನೆಯಲ್ಲಿ ಸದಾ ಇರುತ್ತಿತ್ತು. ಕಾಗದವನ್ನು ನೆಲಕ್ಕೆ ಹಾಸಿ, ಮೀನನ್ನು ಒರೆಸಿ ಅದರ ಮೇಲೆ ಮಲಗಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದಳು. ಮೀನು ತೆಗೆದ ಮೇಲೆ ಕಣ್ಣು, ಕಿವಿರು, ರೆಕ್ಕೆ ಬರೆದಳು. ಆಮೇಲೆ, ನಾನು ಕೇಳದಿದ್ದರೂ, ಮರದ ಅಳತೆಪಟ್ಟಿ ತಂದು ಮೂತಿಯಿಂದ ಬಾಲಕ್ಕೆ ಇಟ್ಟಳು.

"ರೀ, ಮೂವತ್ತೆರಡರ ಮ್ಯಾಲ ಎರಡು ಸೂತ ಅದ," ಎಂದಳು. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಕಡೆ ಸೂತ ಎನ್ನುತ್ತಾರೆ.

"ಮೂವತ್ನಾಲ್ಕು. ಮೂರು ಮಂದಿ ನೋಡೀವಿ."

"ಎದಿ ಸುತ್ತ ಅಳಿಯೂ ಹಂಗ ಟೇಪ್ ಹಾಸೀರಿ ಕಾಣಸ್ತದ. ಹೊಟ್ಟಿ ಉಬ್ಬಿದ್ದೂ ಉದ್ದದಾಗ ಸೇರಿಬಿಟ್ಟದ."

"ನಿನ್ನ ಪೆನ್ಸಿಲ್ ಒಳಗ ಜಾರ್ಯದ," ಎಂದೆ ಸಿಟ್ಟಿನಿಂದ. ಅವಳು ಪಟ್ಟಿಯನ್ನು ಗೋಡೆಗೆ ಒರಗಿಸಿ ಮಸಾಲೆ ಅರೆಯಲು ಹೋದಳು.

ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಗಿತ್ತು. ಯಾರಿಗೆ ಗೊತ್ತಾಗದಿದ್ದರೂ ಸರ್ವೆಯರನಿಗೆ ಗೊತ್ತಾಗಬೇಕು. ಇಳಿಜಾರಿನ ಹೊಲದಲ್ಲಿ ಅಳತೆಯ ಸರಪಳಿಯನ್ನು ನೆಲದ ಮೇಲೆ ಹಾಸಿದರೆ ಅಳತೆ ಹೆಚ್ಚು ಬರುತ್ತದೆ. ಅದಕ್ಕೇ ತುದಿ ಎತ್ತಿ ಸಮಮಟ್ಟಕ್ಕೆ ಹಿಡಿಯುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠ ಅದು. ಮುಂದಿನ ಭಾನುವಾರ ಹೋಗಿ ಹೇಳಿಬಿಡೋಣ, ನಕ್ಕು ತಿದ್ದಿಕೊಳ್ಳೋಣ ಅಂದುಕೊಂಡೆ.

ಆದರೆ ಮುಂದಿನ ಭಾನುವಾರದ ಹೊತ್ತಿಗೆ ಸುದ್ದಿ ವಾಡಿ ಸ್ಟೇಷನ್ನಿನ ತುಂಬ ಹಬ್ಬಿತ್ತು. ಟಿಕೆಟ್ ನೋಡುವವನು ಕೂಡ "ಮೂವತ್ನಾಲ್ಕು ಇಂಚಿನವರು ಬಂದ್ರು ನೋಡ್ರಿ" ಎಂದ. ಗಾರ್ಡ್ ಸಾಹೇಬರು ಚಿತ್ರದ ವಿಷಯ ಕೇಳಿ, ತಮಗೆ ಬೇಕೆಂದು ಹಟ ಹಿಡಿದರು. ಕೊಡಬಾರದು ಅನ್ನಿಸಿತು. ಕೊಡುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಅದರ ಮುಂದಿನ ವಾರ ಆ ಕಾಗದ ಅವರ ಮಂಚದ ಮೇಲಿನ ಗೋಡೆಗೆ ಏರಿತು. ಕೆಳಗೆ ಕೆಂಪು ಶಾಯಿಯಲ್ಲಿ ೩೪ ಎಂದು ಬರೆದಿದ್ದರು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಪ್ರತಿ ಭಾನುವಾರ ಗುಂಡಿಗೆ ಹೋಗುವ ಮೊದಲು ಅವರ ಮನೆಯಲ್ಲಿ ಚಹಾ ಕುಡಿಯುವುದು ರೂಢಿ. ನಾನು ಚಿತ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಒಂದು ದಿನ ಅವರ ಜೊತೆಗಾರ ಗಾರ್ಡ್ ಒಬ್ಬರು ಬಂದವರು ಚಿತ್ರದ ಮುಂದೆ ನಿಂತು ಗೇಣು ಹಾಕಿದರು. ಒಂದು, ಎರಡು, ಮೂರು. ನಾಲ್ಕನೆಯ ಗೇಣು ಬಾಲದ ಆಚೆಗೆ ದಾಟಿತು.

"ನಾಲ್ಕು ಗೇಣಿಗೆ ಜರಾ ಕಮ್ಮಿ," ಎಂದರು ಅವರು. "ನನ್ನ ಗೇಣ ಒಂಬತ್ತು ಇಂಚಿಂದು. ಬರೋಬರಿ ಅದ ಬಿಡು."

ಅವರ ಗೇಣು ಎಂಟೂವರೆಗಿಂತ ಹೆಚ್ಚಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಹೀಗೆ ಒಂದು ವರ್ಷ ಹೋಯಿತು. ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಕಲ್ಲುಕುಟಿಗ ಸೈಕಲ್ಲಿಗೆ ಕಟ್ಟಿಕೊಂಡು ಒಂದು ಉದ್ದನೆಯ ಫರಸಿ ತಂದ. ಒಂದು ತುದಿಗೆ ಮೂರು ಬೆರಳೆತ್ತರದ ಅಡ್ಡ ಕಲ್ಲು ಕೂರಿಸಿದ್ದ. ಅಲ್ಲಿಂದ ಶುರುವಾಗಿ ಇಂಚಿಗೊಂದು ಗೆರೆ, ನಡುವೆ ಸೂತದ ಸಣ್ಣ ಗೆರೆಗಳು, ಎಲ್ಲ ಉಳಿಯಲ್ಲಿ ಕೊರೆದದ್ದು. ಮೇಲ್ಮೈಯನ್ನು ಕನ್ನಡಿಯಂತೆ ತೀಡಿದ್ದ.

"ಟೇಪಿನ್ಯಾಗ ಮೀನು ಅಳದ್ರ ಸರಿ ಬರಾಂಗಿಲ್ರಿ," ಎಂದ. "ಮೊನ್ನಿ ನನ್ನ ಮೀನನ್ನ ಎರಡು ಸಲ ಅಳದೆ. ಎರಡು ಲೆಕ್ಕ ಬಂತು. ಒಮ್ಮಿ ಹೊಟ್ಟಿ ಮ್ಯಾಲ ಹಾಸಿದ್ದೆ, ಒಮ್ಮಿ ಪಕ್ಕದಾಗ ಇಟ್ಟಿದ್ದೆ. ಹಂಗಾಗಿ ಇದನ್ನ ಮಾಡಿದೆ. ಮೂತಿ ಈ ಅಡ್ಡಗಲ್ಲಿಗಿ ತಾಗಬೇಕು, ಬಾಯಿ ಮುಚ್ಚಿರಬೇಕು. ಬಾಲದ ಎರಡು ಎಸಳು ಕೂಡಿಸಿ ಹಿಡೀಬೇಕು. ಮ್ಯಾಲಿಂದ ನೆಟ್ಟಗ ನೋಡಿ ಓದಬೇಕು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಸಾಹೇಬ್ರ, ಏರಿನ್ಯಾಗ ನೀವು ಸರಪಳಿ ಎತ್ತಿ ಸಮಾ ಹಿಡೀತೀರಲ್ಲ? ಇದೂ ಹಂಗ ಅಲ್ಲೇನ್ರಿ?"

"ಹೌದು," ಎಂದೆ. ಅವನು ನನ್ನನ್ನು ಪರೀಕ್ಷಿಸುತ್ತಿದ್ದಾನೋ, ನಿಜವಾಗಿ ಕೇಳುತ್ತಿದ್ದಾನೋ ತಿಳಿಯಲಿಲ್ಲ. ಈಗ ನೆನೆದರೆ ನಿಜವಾಗಿಯೇ ಕೇಳಿದ್ದ ಅನ್ನಿಸುತ್ತದೆ.

ಗಾರ್ಡ್ ಸಾಹೇಬರಿಗೆ ಕಲ್ಲು ಬಹಳ ಹಿಡಿಸಿತು. ಅದನ್ನು ದಂಡೆಯ ಮೇಲೆ ಅಲುಗದಂತೆ ಕೂರಿಸಿದರು. ಮೀನು ಇಡುವ ಮೊದಲು ಕಲ್ಲಿಗೆ ನೀರು ಹೊಯ್ಯಬೇಕು, ಕೈ ತೋಯಿಸಿಕೊಳ್ಳಬೇಕು, ಎಣಿಸಿ ಇಪ್ಪತ್ತರೊಳಗೆ ಓದಿ ಮುಗಿಸಿ ಮೀನನ್ನು ನೀರಿಗೆ ಬಿಡಬೇಕು ಎಂದು ಹೊಸ ನಿಯಮ ಮಾಡಿದರು. ಹಳೆಯ ಲೆಕ್ಕಗಳನ್ನು ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅವರು ನಿವೃತ್ತರಾಗುವವರಿದ್ದರು. ಮುಂಬೈಯಲ್ಲಿ ಯಾರೋ ಇಂಗ್ಲಿಷ್ ಅಧಿಕಾರಿ ಬಿಟ್ಟುಹೋದ ಹಳೆಯ ಗಾಳದ ಕೋಲೊಂದು ಅವರ ಹತ್ತಿರ ಇತ್ತು. ಸೀಳು ಬಿದಿರಿನದು, ದಾರ ಸುತ್ತುವ ಹಿತ್ತಾಳೆಯ ರಾಟೆ, ಮೂರು ತುಂಡಾಗಿ ಬಿಚ್ಚುವಂಥದ್ದು. ಅದನ್ನು ನಾವಿಬ್ಬರೂ ಎಷ್ಟೋ ಸಲ ಕಣ್ಣಲ್ಲೇ ತಿಂದಿದ್ದೆವು.

"ಸೊಲ್ಲಾಪುರದಾಗ ನಾ ಎಲ್ಲಿ ಮೀನ ಹಿಡೀಲಿ? ಹೋಗೂ ಮುಂಚೆ ಪುಸ್ತಕ ನೋಡ್ತೀನಿ," ಎಂದರು ಒಂದು ದಿನ. "ಯಾರ ಮೀನು ಎಲ್ಲಾಕ್ಕಿಂತ ಉದ್ದ ಅದ, ಅವರಿಗಿ ಈ ಕೋಲು. ಬಿಲ್ಕುಲ್ ಸಾಫ್ ಮಾತು."

ಅವರು ಹೊರಡಲು ಎರಡು ವಾರ ಇರುವಾಗ ಕಲ್ಲುಕುಟಿಗನ ಗಾಳಕ್ಕೆ ಕಾಟ್ಲಾ ಬಿತ್ತು. ಅವನು ನನ್ನಂತೆ ಒದ್ದಾಡಲಿಲ್ಲ. ಮೀನು ಎಳೆದಾಗ ಬಿಡುತ್ತ, ನಿಂತಾಗ ಸುತ್ತುತ್ತ, ಒಂದು ಮಾತೂ ಆಡದೆ ದಂಡೆಗೆ ತಂದ. ಗಾರ್ಡ್ ಸಾಹೇಬರು ಕಲ್ಲಿಗೆ ನೀರು ಹೊಯ್ದರು.

"ನೀ ಓದು," ಎಂದರು ನನಗೆ. "ನಿನ್ನ ಕಣ್ಣು ಸರ್ವೆ ಕಣ್ಣು."

ನಾನು ಮೊಣಕಾಲೂರಿ ಕೂತೆ. ಅವನು ಒದ್ದೆ ಅಂಗೈಯಿಂದ ಮೀನಿನ ಬಾಯಿ ಮುಚ್ಚಿಸಿ ಮೂತಿಯನ್ನು ಅಡ್ಡಗಲ್ಲಿಗೆ ತಾಗಿಸಿದ. ಇನ್ನೊಂದು ಕೈಯಿಂದ ಬಾಲದ ಎಸಳುಗಳನ್ನು ಕೂಡಿಸಿ ಹಿಡಿದ. ಗಾರ್ಡ್ ಸಾಹೇಬರು ಎಣಿಸುತ್ತಿದ್ದರು, "ಐದು, ಆರು, ಏಳು." ಕಿವಿರು ತೆರೆದು ಮುಚ್ಚುತ್ತಿತ್ತು. ನಾನು ತಲೆಯನ್ನು ಜರಾ ಬಲಕ್ಕೆ ವಾಲಿಸಿದರೆ ಒಂದು ಸೂತ ಕಡಿಮೆ, ಎಡಕ್ಕೆ ವಾಲಿಸಿದರೆ ಒಂದು ಸೂತ ಹೆಚ್ಚು. ಬಲಕ್ಕೆ ವಾಲುವ ಆಸೆ ಬಂದದ್ದು ನಿಜ. ವಾಲಲಿಲ್ಲ. ಬಾಲದ ತುದಿಯ ಮೇಲೆ ಕಣ್ಣು ನೆಟ್ಟಗೆ ತಂದು ಓದಿದೆ.

"ಮೂವತ್ಮೂರು. ಮ್ಯಾಲ ಒಂದು ಸೂತ."

ಅವನು ಮೀನನ್ನು ಎತ್ತಿ ನೀರಿಗೆ ಒಯ್ದು, ಅದು ತಾನೇ ಚೇತರಿಸಿಕೊಂಡು ಕೈಯಿಂದ ಜಾರಿ ಹೋಗುವವರೆಗೆ ಹಿಡಿದುಕೊಂಡು ನಿಂತ. ನಿಜವಾದ ಅಳತೆ ಓದಿದೆ, ನನ್ನ ಪಾಲಿನ ನಿಯತ್ತು ಮುಗಿಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಗಾರ್ಡ್ ಸಾಹೇಬರು ಪುಸ್ತಕದ ಹಾಳೆ ತಿರುವಿದರು. "ಭಾಳ ಛಲೋ ಮೀನು. ಆದ್ರ ಏಳು ಸೂತ ಕಮ್ಮಿ ಬಿತ್ತಲ್ಲೋ. ಮೂವತ್ನಾಲ್ಕು ಅದ ಇಲ್ಲಿ."

ಕಲ್ಲುಕುಟಿಗ ನೀರಿನಿಂದ ಮೇಲೆ ಬಂದು ಕೈ ಒರೆಸಿಕೊಂಡ. "ಆ ಮೀನು ಟೇಪಿನ್ಯಾಗ ಅಳದದ್ದು ಅಲ್ಲೇನ್ರಿ?" ಎಂದ, ದನಿ ಏರಿಸದೆ. "ಅದರ ಚಿತ್ರ ನಿಮ್ಮ ಮನ್ಯಾಗ ಅದ. ಚಿತ್ರ ತಂದು ಈ ಕಲ್ಲಿನ ಮ್ಯಾಲ ಹಾಸಿ ನೋಡಿದ್ರ ಆಗಲ್ಲೇನ್ರಿ?"

ಗಾರ್ಡ್ ಸಾಹೇಬರು ನನ್ನ ಕಡೆ ನೋಡಿದರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ.

"ಕಾಗದ ಒಣಗಿ ಕುಗ್ಗತದ. ನಮ್ಮ ಆಫೀಸಿನ ನಕಾಶಿನೂ ಹಂಗ ಆಗ್ತಾವ. ಹಳಿ ಕಾಗದದ ಮ್ಯಾಲಿನ ಅಳತಿ ನಂಬಾಕ ಬರಾಂಗಿಲ್ಲ."

ನಕಾಶೆ ಕುಗ್ಗುವುದು ಸುಳ್ಳಲ್ಲ, ಆದರೆ ಕೂದಲೆಳೆಯಷ್ಟು. ಗಾರ್ಡ್ ಸಾಹೇಬರು ತಲೆಯಾಡಿಸಿದರು. ಕಲ್ಲುಕುಟಿಗ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ನೀವು ಅಂದ್ರ ಆತ್ರಿ," ಎಂದ. "ಅಳತಿ ನಿಮ್ಮ ಕಸಬು. ನಮ್ಮ ಬದು ನಿಮ್ಮ ಮಾತಿನ ಮ್ಯಾಲ ನಿಂತದ."

ಚುಚ್ಚುವ ದನಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು.

ಚಿತ್ತಾಪುರದ ಗಾಡಿಯಲ್ಲಿ ನಿಂತೇ ಬಂದೆ. ಅವನ ಹೊಲದ ವ್ಯಾಜ್ಯ ಇನ್ನೂ ಮುಗಿದಿರಲಿಲ್ಲ. ಪಕ್ಕದ ರೈತ ನನ್ನ ಅಳತೆಯೇ ತಪ್ಪು ಎಂದು ಮೇಲಿನವರಿಗೆ ಅರ್ಜಿ ಹಾಕಿದ್ದ, ಬೇರೆ ಊರಿನ ಸರ್ವೆಯರ್ ಬಂದು ಮರು ಅಳತೆ ಮಾಡುವುದಿತ್ತು. ಈಗ ನಾನೇ ಎದ್ದು ನನ್ನ ಅಳತೆ ಸುಳ್ಳು ಎಂದರೆ, ಮೀನಿನದ್ದೇ ಆದರೂ, ಆ ಮಾತು ಎಲ್ಲಿಗೆ ಹೋಗಿ ಮುಟ್ಟೀತು? ಆ ರೈತನ ಕಿವಿಗೆ ಬಿದ್ದರೆ ಏನಾದೀತು? ಹೇಳದಿರುವುದು ಕಲ್ಲುಕುಟಿಗನ ಹೊಲಕ್ಕೇ ಒಳ್ಳೆಯದು ಎಂದು ನನಗೆ ನಾನೇ ವಾದಿಸಿದೆ. ಮಲ್ಲಿಗೆ ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಪಕ್ಕದಲ್ಲಿ ನಿಂತು, "ಆರಾಮ ಇಲ್ಲೇನಪ್ಪಾ?" ಎಂದು ಕೇಳಿದಳು.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಹೊಲಿಗೆ ಯಂತ್ರದ ಕಾಲು ನಿಲ್ಲಿಸಿದಳು.

"ಎರಡು ಇಂಚು ಕುಗ್ಗೂ ಕಾಗದ ಎಲ್ಲಿ ಸಿಗತದ್ರಿ? ನಂಗೂ ಬೇಕಾಗಿತ್ತು."

ನಾನು ನಗಲಿಲ್ಲ, ಅವಳೂ ನಗಲಿಲ್ಲ.

"ಹೊಲದ ಮಾತು ಹೇಳಾಕತ್ತೀರಿ," ಎಂದಳು. "ಆ ಹೊಲ ಬರೋಬರಿ ಅಳದೀರಿ ಇಲ್ಲ?"

"ಅಳದೀನಿ."

"ಹಂಗಾದ್ರ ಯಾರು ಬಂದು ಅಳದ್ರ ಏನಾತು? ಅಂಜಿಕಿ ಹೊಲದ್ದಲ್ಲ. ನಿಮ್ಮ ಮಾರಿ ಸಣ್ಣದಾಗ್ತದ ಅಂತ ಅಂಜೀರಿ."

ಆದರೂ ಮುಂದಿನ ಭಾನುವಾರ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ವಾರವೆಲ್ಲ ಕಚೇರಿಯಲ್ಲಿ ಕೂತು ಬೇರೆಯವರ ಹೊಲದ ಲೆಕ್ಕವನ್ನು ಮೂರು ಮೂರು ಸಲ ಕೂಡಿಸಿದೆ. ಪ್ರತಿ ಸಲವೂ ಸರಿಯಾಗೇ ಬರುತ್ತಿತ್ತು, ಆದರೂ ನಂಬಿಕೆ ಬರುತ್ತಿರಲಿಲ್ಲ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಆ ರೈತನೇ ಬಂದ ಅನ್ನಿಸುತ್ತಿತ್ತು.

ಕೊನೆಯ ಭಾನುವಾರ ಬಂತು. ಗಾರ್ಡ್ ಸಾಹೇಬರ ಗಾಡಿ ಮಧ್ಯಾಹ್ನ ಎರಡಕ್ಕೆ. ನಾನು ವಾಡಿಯಲ್ಲಿ ಇಳಿದು ಕ್ವಾರ್ಟರ್ಸಿಗೆ ಹೋದಾಗ ಹನ್ನೊಂದು. ಮನೆ ಖಾಲಿಯಾಗಿತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಗೋಡೆಯ ಮೇಲೆ ಚಿತ್ರ. ಕಲ್ಲುಕುಟಿಗ ಆಗಲೇ ಬಂದು ಬಾಗಿಲ ಹತ್ತಿರ ಕೂತಿದ್ದ. ಗಾರ್ಡ್ ಸಾಹೇಬರು ನನ್ನನ್ನು ಕಂಡವರೇ ಕೋಲಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿದರು.

"ಬಾ, ತಗೋ. ನಿನ್ನ ಹಾದಿ ನೋಡಾಕತ್ತಿದ್ದೆ."

ಕೈ ಚಾಚಿದ್ದರೆ ಮುಗಿಯುತ್ತಿತ್ತು. ಕೈ ಅರ್ಧ ಮೇಲಕ್ಕೆ ಹೋದದ್ದೂ ನೆನಪಿದೆ. ಬಾಗಿಲಲ್ಲಿ ಕೂತವನು ನನ್ನನ್ನು ನೋಡುತ್ತಿರಲಿಲ್ಲ, ಹೊರಗೆ ಶಂಟಿಂಗ್ ಮಾಡುತ್ತಿದ್ದ ಇಂಜಿನ್ನನ್ನು ನೋಡುತ್ತಿದ್ದ. ನಾನು ಚೀಲ ಹಿಡಿಯದೆ ಗೋಡೆಯ ಹತ್ತಿರ ಹೋಗಿ, ಮೊಳೆ ಕಿತ್ತು ಚಿತ್ರವನ್ನು ಕೆಳಗಿಳಿಸಿದೆ. ಮನೆಯಿಂದ ತಂದಿದ್ದ ಅಳತೆಪಟ್ಟಿಯನ್ನು ಮೂತಿಯಿಂದ ಬಾಲಕ್ಕೆ ಇಟ್ಟೆ.

"ನೋಡ್ರಿ," ಎಂದೆ. "ಮೂವತ್ತೆರಡು, ಎರಡು ಸೂತ. ಕಾಗದ ಕುಗ್ಗಿಲ್ಲ. ಮೀನು ಹಿಡಿದ ದಿನಾನ ನನ್ನ ಹೆಂಡತಿ ಅಳದು ಹೇಳಿದ್ಲು. ಬಾಯಿ ತೆರೆದಿತ್ತು, ಟೇಪ್ ಹೊಟ್ಟಿ ಮ್ಯಾಲ ಹಾಸಿದ್ದೆ. ಅವತ್ತಿನಿಂದ ನನಗ ಗೊತ್ತದ."

ಗಾರ್ಡ್ ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಎರಡು ವರ್ಷ ಸ್ಟೇಷನ್ನಿನ ತುಂಬ ನನ್ನ ಬಾಯಾಗ ಸುಳ್ಳ ಹೇಳಿಸಿದಿ," ಎಂದರು. ಸಿಟ್ಟಿಗಿಂತ ಆಯಾಸವೇ ಹೆಚ್ಚು ಕೇಳಿಸಿತು. ಟ್ರಂಕು ತೆರೆದು ಪುಸ್ತಕ ತೆಗೆದು, ಎರಡು ಗೆರೆ ಎಳೆದಿದ್ದ ಅಂಕಿಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದರು. ಆಮೇಲೆ ಕೋಲಿನ ಚೀಲವನ್ನು ಬಾಗಿಲ ಕಡೆ ಚಾಚಿದರು.

ಕಲ್ಲುಕುಟಿಗ ಎದ್ದು ಅದನ್ನು ತೆಗೆದುಕೊಂಡ. ಬೇಡ ಅನ್ನಲಿಲ್ಲ, ಸಂಕೋಚಪಡಲಿಲ್ಲ. "ನಂದೇ ಅದ, ತಗೋತೀನ್ರಿ," ಎಂದ. ಮುಗಿಯಿತು ಅಂದುಕೊಂಡೆ. ಅವನು ನನ್ನ ಕಡೆ ತಿರುಗಿದ.

"ನಮ್ಮ ಹೊಲ ಹ್ಯಾಂಗ ಅಳದ್ರಿ?"

"ಬರೋಬರಿ ಅಳದೀನಿ."

"ಕಾಗದ ಕುಗ್ಗತದ ಅಂತನೂ ಹಿಂಗ ಹೇಳಿದ್ರಿ. ಇದೇ ಮಾರಿ ಮಾಡಿಕೊಂಡು." ಅವನ ದನಿ ಈಗ ಏರಿತ್ತು. "ನಿಮ್ಮ ಮಾತು ನಂಬಿ ಆ ರೈತನ ಮುಂದ ನಮ್ಮ ತಮ್ಮ ಕೊಡ್ಲಿ ಹಿಡಕೊಂಡು ನಿಂತಿದ್ದ. ಆ ನೆಲ ಅವನದೇ ಇದ್ರ? ನಾ ಯಾರ ಮಾರಿ ನೋಡ್ಲಿ?"

ಗಾರ್ಡ್ ಸಾಹೇಬರು ನಮ್ಮಿಬ್ಬರ ನಡುವೆ ಬಂದು ನಿಂತರು. ಏನು ಹೇಳಿದರೂ ಅವನು ನಂಬುವ ಸ್ಥಿತಿಯಲ್ಲಿರಲಿಲ್ಲ, ನಂಬಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ.

"ಮುಂದಿನ ಭಾನುವಾರ ಹೊಲಕ್ಕ ಬರ್ತೀನಿ," ಎಂದೆ. "ಸರಪಳಿಯ ಒಂದು ತುದಿ ನೀ ಹಿಡಿ. ಪ್ರತಿ ಗೂಟ ನೀನ ನೆಡು. ತಪ್ಪಿದ್ರ ನಾನ ಬರೆದು ಕೊಡ್ತೀನಿ."

ಅವನು ಕೋಲಿನ ಚೀಲ ಹೆಗಲಿಗೇರಿಸಿ ಹೊರಗೆ ನಡೆದ. ಗಾಡಿ ಬರುವವರೆಗೂ ನಾವಿಬ್ಬರೂ ಪ್ಲಾಟ್‌ಫಾರಂನಲ್ಲಿ ಗಾರ್ಡ್ ಸಾಹೇಬರ ಎರಡು ಪಕ್ಕ ನಿಂತಿದ್ದೆವು. ಗಾಡಿ ಹೊರಟಾಗ ಅವರು ಅವನಿಗೆ ಕೈ ಬೀಸಿ, ಆಮೇಲೆ ನನಗೂ ಬೀಸಿದರು.

ಆ ವಾರ ನನ್ನ ಬದುಕಿನ ಅತಿ ಉದ್ದದ ವಾರ. ಹಳೆಯ ಅಳತೆ ಪುಸ್ತಕದ ನಕಲು ತೆಗೆದು ನೋಡಿದೆ, ತಪ್ಪೇನೂ ಕಾಣಲಿಲ್ಲ. ಟೇಪು ಹಾಸಿದಾಗಲೂ ಕಂಡಿರಲಿಲ್ಲವಲ್ಲ ಎಂದುಕೊಂಡೆ. ಅವನ ಹೊಲ ಹಳ್ಳದ ಕಡೆ ಇಳಿಜಾರು. ಆ ದಿನ ಬಿಸಿಲಲ್ಲಿ ನನ್ನ ಕೈಕೆಳಗಿನವರು ಒಂದಾದರೂ ಕಡೆ ಸರಪಳಿಯನ್ನು ನೆಲಕ್ಕೆ ಹಾಸಿರಬಹುದೇ? ನನಗೆ ನೆನಪಿರಲಿಲ್ಲ.

ಭಾನುವಾರ ಅವನು ಹೊಲದ ಅಂಚಿನಲ್ಲಿ ಕಾಯುತ್ತಿದ್ದ, ಜೊತೆಗೆ ತಮ್ಮ. ನಮಸ್ಕಾರ ಇಲ್ಲ, ಸಾಹೇಬ್ರ ಎಂಬ ಮಾತೂ ಇಲ್ಲ. ಜೋಳ ಮೊಣಕಾಲೆತ್ತರ ಬಂದಿತ್ತು. ಊರಿನ ಗಡಿಯ ಹಳೆಯ ಕಲ್ಲಿನಿಂದ ಶುರು ಮಾಡಿದೆವು. ಅವನು ತುದಿ ಹಿಡಿದ, ನಾನು ಇನ್ನೊಂದು. ಇಳಿಜಾರು ಬಂದಾಗ ನಾನು ಹೇಳುವ ಮೊದಲೇ ಅವನು ಸರಪಳಿ ಎತ್ತಿ ಸಮ ಹಿಡಿದ. ಗುಂಡುದಾರ ಇಳಿಬಿಟ್ಟು ಗೂಟದ ಜಾಗ ನೋಡಿದ. ಕಲ್ಲಿನ ಕೆಲಸದವನ ಕಣ್ಣು, ಎಲ್ಲೂ ತಪ್ಪಲಿಲ್ಲ. ಪಕ್ಕದ ರೈತ ತನ್ನ ಹೊಲದ ಬೇವಿನ ಗಿಡದ ಕೆಳಗೆ ಬಂದು ನಿಂತು ನೋಡುತ್ತಿದ್ದ. ಹಳ್ಳದ ಹತ್ತಿರ ಕೊನೆಯ ಸರಪಳಿ ಬಿತ್ತು. ಲೆಕ್ಕದ ಪ್ರಕಾರ ಬದುವಿನ ಕಲ್ಲು ಅಲ್ಲೇ ಇರಬೇಕು. ಇರಲಿಲ್ಲ. ಬರೀ ಜಾಲಿ ಮುಳ್ಳು, ಹಳ್ಳ ತಂದು ಹಾಕಿದ ಹೂಳು.

ತಮ್ಮ ನನ್ನ ಕಡೆ ನೋಡಿದ. ಕಲ್ಲುಕುಟಿಗ ಸರಪಳಿ ಕೆಳಗಿಟ್ಟು, ಕುಡುಗೋಲಿನಿಂದ ಮುಳ್ಳು ಸವರಿ, ಕೈಯಿಂದಲೇ ಹೂಳು ತೋಡತೊಡಗಿದ. ನಾನೂ ಬಗ್ಗಿ ತೋಡಿದೆ. ಮೊಳದಷ್ಟು ಕೆಳಗೆ ಅವನ ಬೆರಳು ಗಟ್ಟಿಯಾದದ್ದಕ್ಕೆ ತಾಗಿತು. ಮಣ್ಣು ಒರೆಸಿದ. ನಾನೇ ನೆಡಿಸಿದ್ದ ಕಲ್ಲು, ತಲೆಯ ಮೇಲೆ ಕೊರೆದ ಬಾಣದ ಗುರುತು. ಸರಪಳಿಯ ತುದಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ.

ಅವನು ಹಾಗೇ ಕೂತು ಬೇವಿನ ಗಿಡದ ಕಡೆ ನೋಡಿದ. ಅಲ್ಲಿದ್ದ ರೈತ ಆಗಲೇ ತಿರುಗಿ ನಡೆದಿದ್ದ.

"ಬರೋಬರಿ ಅದ," ಎಂದ ಕಲ್ಲುಕುಟಿಗ, ತಮ್ಮನಿಗೆ. ನನಗಲ್ಲ. ತಮ್ಮನು ಗಡಿಗೆಯಿಂದ ನೀರು ಬಗ್ಗಿಸಿ ಮೊದಲು ಅಣ್ಣನಿಗೆ, ಆಮೇಲೆ ನನಗೆ ಕೊಟ್ಟ.

ಎರಡು ತಿಂಗಳ ನಂತರ ಬೇರೆ ಊರಿನ ಸರ್ವೆಯರ್ ಬಂದು ಅಳೆದಾಗಲೂ ಬದು ಅಲ್ಲೇ ನಿಂತಿತು. ನನ್ನ ಮೀನಿನ ಸಂಗತಿ ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಕಲ್ಲುಕುಟಿಗ ಯಾರಿಗೂ ಹೇಳಿರಲಿಲ್ಲ. ಭಾನುವಾರ ಗುಂಡಿಗೆ ಹೋದರೆ ಅವನು ಆಚೆ ದಂಡೆಯಲ್ಲಿ ಕೂರುತ್ತಿದ್ದ, ನಾನು ಈಚೆ ದಂಡೆಯಲ್ಲಿ. ಹೀಗೇ ಬೇಸಿಗೆ ಕಳೆಯಿತು. ಮಳೆ ಶುರುವಾದ ಮೇಲೆ ಒಂದು ಭಾನುವಾರ ಆಚೆಯಿಂದ ಕೂಗಿದ.

"ಇಲ್ಲಿ ಬರ್ರಿ. ಒಬ್ಬನ ಕೈಲೆ ಆಗವಲ್ದು. ಬಾಲ ಹಿಡೀರಿ, ನಾ ಓದ್ತೀನಿ."

ನಾನು ಗುಂಡಿ ಸುತ್ತಿ ಓಡಿದೆ. ಅವನೇ ಓದಿದ. ನಾನು ಅಂಕಿ ಕೇಳಿಸಿಕೊಂಡು ಬರೆದುಕೊಂಡೆ. ಮರುವರ್ಷ ಚಿಂಚೋಳಿಗೆ ವರ್ಗವಾಗುವವರೆಗೂ ಹಾಗೇ ನಡೆಯಿತು. ಓದುವುದು ಯಾವಾಗಲೂ ಅವನು. ನನಗೆ ಓದಲು ಕೊಡಲಿಲ್ಲ, ನಾನೂ ಕೇಳಲಿಲ್ಲ.